ಇಲ್ಲದ ಇಂಟರ್‌ವ್ಯೂಗೆ ಭೈರೇಶನ ತಯಾರಿ

ಭೈರೇಶ ಇಂಟರ್‌ವ್ಯೂಗೆ ಹೊರಟ ದಿನ, ಅವನ ಕೋಟು ನೋಡುವ ಆಸೆಗೆ ಪರ್ಪಲ್ ಲೈನಿನ ಮೆಟ್ರೋ ರೈಲು ಸ್ಟೇಷನ್ನೇ ಇಲ್ಲದ ಕಡೆ ಗಕ್ಕನೆ ನಿಂತುಬಿಟ್ಟಿತು. ಡ್ರೈವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಒಳ್ಳೇದಾಗ್ಲಿ ಗುರೂ!" ಎಂದು ಕೂಗಿದ. ರೈಲಿನೊಳಗಿನ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜಾಗ ಸಿಗದೆ ಮೊದಲೇ ನಿಂತಿದ್ದವರು ಇನ್ನೊಮ್ಮೆ ನಿಂತರು. ನಂಬಿಕೆ ಇಲ್ಲದವರು ವಿಜಯನಗರದ ಮಾರೇನಹಳ್ಳಿಗೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ಯಾರೂ ಹೌದು ಅನ್ನುವುದಿಲ್ಲ. ಅದು ಬರೀ ಹೊಟ್ಟೆಕಿಚ್ಚು.

ಇಷ್ಟಕ್ಕೂ ಆ ಇಂಟರ್‌ವ್ಯೂ ಹುಟ್ಟಿದ್ದು ಯಾವ ಕಂಪನಿಯಲ್ಲೂ ಅಲ್ಲ, ಲಗ್ಗೆರೆಯ ಒಂದು ಮನೆಯ ನಡುಮನೆಯಲ್ಲಿ, ಒಂದು ತಟ್ಟೆ ಕೇಸರಿಬಾತಿನ ಮುಂದೆ.

ಭೈರೇಶನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಭೈರೇಶ ಬಾಡಿಗೆದಾರರನ್ನು ಬೆಳೆಯುತ್ತಿದ್ದ. ಮೂರು ಅಂತಸ್ತಿನ ಕಟ್ಟಡ, ತುದಿಯಲ್ಲೊಂದು ಶೀಟಿನ ಮನೆ. ಮೂವತ್ತು ದಾಟಿದ ಈ ಗಂಡಸಿನ ದಿನಚರಿಯೆಂದರೆ ಬೆಳಗ್ಗೆ ಎದ್ದು ನೀರಿನ ಮೋಟರು ಹಾಕುವುದು, ಟ್ಯಾಂಕು ತುಂಬಿ ಸುರಿಯುವ ಸದ್ದು ಕೇಳಿದಾಗ ಆರಿಸುವುದು. ಆಮೇಲೆ ತಿಂಡಿ, ತಿಂಡಿಯ ಆಯಾಸಕ್ಕೆ ಊಟ, ಊಟದ ಆಯಾಸಕ್ಕೆ ನಿದ್ದೆ. ಆ ಮಧ್ಯಾಹ್ನದ ನಿದ್ದೆಯಲ್ಲಿ ಅವನನ್ನು ಮೀರಿಸುವವರು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಇರಲಿಲ್ಲ. ಅವನು ಗೊರಕೆ ಶುರುಮಾಡಿದರೆ ಬಿನ್ನಿಪೇಟೆಯಲ್ಲಿ ಹಳೇ ಮಿಲ್ಲು ಮತ್ತೆ ಓಡುತ್ತಿದೆಯೆಂದು ಮುದುಕರು ಊಟದ ಡಬ್ಬಿ ಹಿಡಿದು ಬೀದಿಗಿಳಿಯುತ್ತಿದ್ದರು.

ಇಂಥ ವರನನ್ನು ಅವನ ತಾಯಿ ವೆಂಕಟಲಕ್ಷ್ಮಮ್ಮ ಹೆಣ್ಣು ನೋಡಲು ಲಗ್ಗೆರೆಗೆ ಕರೆದೊಯ್ದಿದ್ದರು. ಹುಡುಗಿ ಕವನಾ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ತಟ್ಟೆ ಕೈಗಿಟ್ಟು ಎದುರಿಗೆ ಕೂತವಳು ನೇರವಾಗಿ ಕೇಳಿದಳು.

"ಕೇಸರಿಬಾತ್ ಹೇಗಿದೆ?"

"ತುಂಬಾ ಚೆನ್ನಾಗಿದೆ. ಇಂಥಾ ಕೇಸರಿಬಾತು ನಾನು ಹೋಟ್ಲಲ್ಲೂ ತಿಂದಿಲ್ಲ."

"ಸುಳ್ಳು. ತಳ ಹಿಡ್ದಿದೆ. ನಾನೇ ಮಾಡಿದ್ದು," ಎಂದು ಅವಳು ನಕ್ಕುಬಿಟ್ಟಳು.

ಭೈರೇಶನ ಕತೆ ಅಲ್ಲಿಗೆ ಮುಗಿಯಿತು. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮೋಟರು ಆರಿಸುವುದನ್ನೂ ಬಿಟ್ಟು ಸನ್ಯಾಸಿಯಾಗುತ್ತೇನೆ ಎಂದು ಅವನು ತಳ ಹಿಡಿದ ಕೇಸರಿಬಾತಿನ ಆಣೆಯಾಗಿ ನಿಶ್ಚಯಿಸಿದ.

ಆದರೆ ಹುಡುಗಿಯ ತಂದೆ ಹನುಮಂತಯ್ಯನವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಈಗಲೂ ಬೆಳಗಿನ ಸೈರನ್ ಕೇಳಿದರೆ ನಿದ್ದೆಯಲ್ಲೇ ಎದ್ದು ನಿಲ್ಲುವ ಮನುಷ್ಯ.

"ಹುಡುಗಂಗೆ ಕೆಲಸ?" ಎಂದರು.

"ಬಾಡಿಗೆ ಬರ್ತದಲ್ಲ ಬೀಗ್ರೇ," ಎಂದರು ವೆಂಕಟಲಕ್ಷ್ಮಮ್ಮ. ಇನ್ನೂ ಬೀಗರಾಗಿರಲಿಲ್ಲ, ಮೊದಲೇ ಕರೆದುಬಿಟ್ಟರೆ ಆಮೇಲೆ ಅವರು ಹಿಂದೆ ಸರಿಯಲಾರರು ಎನ್ನುವುದು ಅವರ ಲೆಕ್ಕಾಚಾರ.

"ಬಾಡಿಗೆ ಬರ್ತದೆ ಕಣಮ್ಮ. ಇವ್ರು ಎಲ್ಲಿಗೆ ಹೋಗ್ತಾರೆ? ಗಂಡಸು ಅಂದ್ಮೇಲೆ ಬೆಳಗ್ಗೆ ಕ್ಯಾರಿಯರ್ ಹಿಡ್ಕೊಂಡು ಎಲ್ಲಿಗಾದ್ರೂ ಹೋಗ್ಬೇಕು. ಸಾಯಂಕಾಲ ಸುಸ್ತಾಗಿ ವಾಪಸ್ ಬರ್ಬೇಕು. ಅದೊಂದಿಲ್ದಿದ್ರೆ ನನ್ ಮಗಳನ್ನ ಕೊಡಕ್ಕಾಗಲ್ಲ. ಬೇಜಾರ್ ಮಾಡ್ಕೋಬೇಡಿ."

ಕವನಾ ಎದ್ದು ತಟ್ಟೆಗಳನ್ನು ಎತ್ತಿಕೊಳ್ಳತೊಡಗಿದಳು. ಭೈರೇಶನಿಗೆ ತನ್ನ ಬಾಳನ್ನೇ ಯಾರೋ ತೊಳೆಯಲು ಹಾಕಿದಂತಾಯಿತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಗುರುವಾರ ಇಂಟರ್‌ವ್ಯೂ ಇದೆ ಮಾವ."

"ಹೌದಾ? ಯಾವ ಕೆಲಸಕ್ಕೆ?"

"ಮ್ಯಾನೇಜರ್ರು."

"ಯಾವ ಕಂಪನಿ?"

"ಹೊರಗೆ ಹೇಳಂಗಿಲ್ಲ. ಗ್ಲೋಬಲ್ಲು."

ಹನುಮಂತಯ್ಯನವರ ಮುಖ ಸಂಬಳದ ದಿನದ ಕಾರ್ಖಾನೆಯ ಗೇಟಿನಂತೆ ಅಗಲವಾಗಿ ತೆರೆದುಕೊಂಡಿತು. "ಮೊದ್ಲೇ ಹೇಳ್ಬಾರ್ದೇನಪ್ಪಾ! ಗುರುವಾರ ನಾನೇ ಓಮ್ನಿ ತಗೊಂಡ್ ಬರ್ತೀನಿ. ಬಾಗಿಲವರೆಗೂ ಬಿಟ್ಟು, ಮುಗಿಯೋವರೆಗೂ ಕಾಯ್ತೀನಿ. ನೀನು ಗೆದ್ಕೊಂಡ್ ಬಾ, ಅಲ್ಲಿಂದ ಸೀದಾ ಹೋಗಿ ಮುಹೂರ್ತ ಕೇಳೋಣ."

ಲಗ್ಗೆರೆಯಿಂದ ಮಾರೇನಹಳ್ಳಿ ತಲುಪುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಬಸ್ಸಿನಲ್ಲಿದ್ದವರಿಗೆಲ್ಲ ಸುದ್ದಿ ಹೇಳಿ ಮುಗಿಸಿದ್ದರು. ಕಂಡಕ್ಟರ್ ತನ್ನ ಬಾಮೈದನಿಗೂ ಒಂದು ಕೆಲಸ ನೋಡಿ ಎಂದು ಭೈರೇಶನ ಕೈ ಹಿಡಿದುಕೊಂಡ. ಮರುದಿನ ಹೂವಿನವಳಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ "ಮ್ಯಾನೇಜರ್ರೇ" ಎನ್ನುವವರೇ. ಇಂಟರ್‌ವ್ಯೂ ಎಂಬುದು ಈ ಭೂಮಿಯ ಮೇಲೆಲ್ಲೂ ಇಲ್ಲ ಎನ್ನುವ ಸಂಗತಿ ಗೊತ್ತಿದ್ದದ್ದು ಭೈರೇಶನಿಗೊಬ್ಬನಿಗೇ. ಬುಧವಾರದ ಹೊತ್ತಿಗೆ ಅವನಿಗೂ ಸ್ವಲ್ಪ ಅನುಮಾನ ಬರತೊಡಗಿತ್ತು, ಇದ್ದರೂ ಇರಬಹುದೇನೋ ಎಂದು.

ಮಗನನ್ನು ತಯಾರು ಮಾಡುವ ಜವಾಬ್ದಾರಿಯನ್ನು ವೆಂಕಟಲಕ್ಷ್ಮಮ್ಮ ಬಾಡಿಗೆದಾರರಿಗೆ ಒಪ್ಪಿಸಿದರು. ಎರಡನೇ ಮಹಡಿಯ ವೆಂಕಟಗಿರಿಯವರು ಸರ್ಕಾರಿ ಇಲಾಖೆಯೊಂದರಿಂದ ನಿವೃತ್ತರಾದವರು. ಸಾವಿರಾರು ಜನರನ್ನು ಇಂಟರ್‌ವ್ಯೂ ಮಾಡಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದರು. ಇಂಟರ್‌ವ್ಯೂ ಕೋಣೆಗೆ ಕಾಫಿ ಕಳಿಸುವ ವಿಭಾಗ ಅವರದಾಗಿತ್ತು ಎಂಬುದು ಅವರ ಹೆಂಡತಿ ಅನಂತಲಕ್ಷ್ಮಿಗೆ ಮಾತ್ರ ಗೊತ್ತಿದ್ದ ವಿಷಯ. ಕೆಳಗೆ ಪಾರ್ಕಿಂಗಿನಲ್ಲಿ ಮೇಜು ಹಾಕಿ, ವೆಂಕಟಗಿರಿ ದಂಪತಿ ಮತ್ತು ಶೀಟ್ ಮನೆಯ ದರ್ಶನ್ ಕೂತರು. ದರ್ಶನ್ ಯಾವುದೋ ಕಂಪನಿಯಲ್ಲಿ ಎಚ್.ಆರ್. ಆಗಿದ್ದ. ಭೈರೇಶ ಎದುರಿಗೆ ಬಂದು ಕೂತ.

"ಹೆಸರು?" ಎಂದರು ವೆಂಕಟಗಿರಿ ಕನ್ನಡಕದ ಮೇಲಿಂದ.

"ಭೈರೇಶ್. ನಿಮ್ದು ಯಾವೂರು?"

"ನೀನು ಕೇಳ್ಬಾರ್ದಪ್ಪಾ. ನಾವು ಕೇಳ್ಬೇಕು."

"ಸಾರಿ ಸಾರ್. ಮನೇಲಿ ಎಷ್ಟು ಜನ?"

"ಮತ್ತೆ ಕೇಳ್ತೀಯಲ್ಲಾ!"

"ಬಾಯಿ ಹಂಗೇ ಹೋಗ್ಬಿಡುತ್ತೆ ಸಾರ್. ನೆಂಟರು ಜಾಸ್ತಿ ಬರ್ತಾರಾ?"

ತಪ್ಪು ಅವನದಲ್ಲ. ಅವನು ಹುಟ್ಟಿದಾಗಿನಿಂದ ಕಂಡ ಇಂಟರ್‌ವ್ಯೂ ಎಂದರೆ ಮನೆ ಕೇಳಿಕೊಂಡು ಬಂದವರನ್ನು ಗೇಟಿನ ಹೊರಗೆ ನಿಲ್ಲಿಸಿ ಮಾಡುವ ವಿಚಾರಣೆ ಒಂದೇ. ಊರು ಯಾವುದು, ಜನ ಎಷ್ಟು, ವೆಜ್ಜೋ ನಾನ್‌ವೆಜ್ಜೋ, ನೀರು ಎಷ್ಟು ಖರ್ಚು ಮಾಡುತ್ತೀರಿ, ಗೋಡೆಗೆ ಮೊಳೆ ಹೊಡೆಯುತ್ತೀರಾ. ಈ ಕಲೆಯಲ್ಲಿ ಅವನೆಷ್ಟು ಪಳಗಿದ್ದನೆಂದರೆ ಒಮ್ಮೆ ಬಾಡಿಗೆಗೆ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರೊಬ್ಬರು ಅವನ ಪ್ರಶ್ನೆಗಳಿಗೆ ಹೆದರಿ, ಮಾಡದ ತಪ್ಪನ್ನೆಲ್ಲ ಒಪ್ಪಿಕೊಂಡು ಹೋಗಿದ್ದರು.

"ಪ್ರಶ್ನೆ ನಾನು ಕೇಳ್ತೀನಿ," ಎಂದು ಅನಂತಲಕ್ಷ್ಮಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಮ್ಯಾನೇಜರ್ ಅಂದ್ಮೇಲೆ ಕೆಳಗಿನೋರ ಕಷ್ಟ ಸುಖ ಗೊತ್ತಿರ್ಬೇಕು. ನಮ್ಮನೆ ಗಡಿಯಾರ ಬಂದಾಗಿನಿಂದ ಫ್ರಿಜ್ಜಿನ ಮೇಲೆ ಮಲಗಿದೆ. ಟೈಮ್ ನೋಡ್ಬೇಕಾದ್ರೆ ನಮ್ಮ ಯಜಮಾನ್ರು ಸ್ಟೂಲ್ ಹತ್ತುತ್ತಾರೆ. ಒಂದೇ ಒಂದು ಮೊಳೆ ಹೊಡೆಯಕ್ಕೆ ಬಿಡದೇ ಇರೋನು ಟೀಮ್ ಹೆಂಗಪ್ಪಾ ನಡೆಸ್ತೀಯ?"

"ಆಂಟಿ, ಇದು ಇಂಟರ್‌ವ್ಯೂಲಿ ಕೇಳ್ತಾರಾ?"

"ಖಂಡಿತ ಕೇಳ್ತಾರೆ ಅಣ್ಣ," ಎಂದ ದರ್ಶನ್ ಗಂಭೀರವಾಗಿ. "ಇದಕ್ಕೇ ಲೀಡರ್‌ಶಿಪ್ಪು ಅನ್ನೋದು. ಇವಾಗ ಏನ್ ಮಾಡ್ತೀರಿ? ಮೊಳೆ ಹೊಡೀರಿ ಅಂತೀರಾ, ಬೇಡ ಅಂತೀರಾ? ಬೇಡ ಅಂದ್ರೆ ಅಲ್ಲೇ ರಿಜೆಕ್ಟು."

ಭೈರೇಶನ ಕಣ್ಣ ಮುಂದೆ ಕವನಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಹೊಡೀರಿ," ಎಂದ ಭಾರವಾದ ದನಿಯಲ್ಲಿ.

ಅನಂತಲಕ್ಷ್ಮಿ ಸೆರಗಿನ ಗಂಟಿನಿಂದ ಮೊಳೆ ತೆಗೆದು ಮೇಜಿನ ಮೇಲಿಟ್ಟರು. ಬರುವಾಗಲೇ ತಂದಿದ್ದರು.

ಆಮೇಲೆ ತಡೆಯೇ ಇರಲಿಲ್ಲ. ಒತ್ತಡವನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಗೆ ಬಿಸಿನೀರಿನ ಪೈಪು ರಿಪೇರಿಯಾಯಿತು. ಗ್ರಾಹಕರ ತೃಪ್ತಿಯ ಪ್ರಶ್ನೆಗೆ ಮೋಟರು ದಿನಕ್ಕೆರಡು ಸಲ ಓಡುವುದೆಂದು ತೀರ್ಮಾನವಾಯಿತು. ಸಿಬ್ಬಂದಿಯಲ್ಲಿ ನಂಬಿಕೆ ಇಡುತ್ತೀರಾ ಎಂದು ಕೇಳಿ ದರ್ಶನ್ ಗೇಟಿನ ಬೀಗದ ಕೈ ಗಿಟ್ಟಿಸಿಕೊಂಡ. ಆ ವಾರ ಆ ಕಟ್ಟಡದಲ್ಲಿ ಹೊಡೆದ ಮೊಳೆಗಳ ಸದ್ದಿಗೆ, ಮೆಟ್ರೋದವರು ಹೊಸ ಲೈನು ಶುರುಮಾಡಿದರೆಂದು ತಿಳಿದು ಆರು ಜನ ದಲ್ಲಾಳಿಗಳು ಬೀದಿಯಲ್ಲಿ ಸೈಟು ಕೇಳಿಕೊಂಡು ಬಂದರು. ಹತ್ತು ವರ್ಷದಿಂದ ನೆಲ ಹಿಡಿದಿದ್ದ ದೇವರು, ತಾತ, ಕ್ಯಾಲೆಂಡರು, ಕನ್ನಡಿ ಎಲ್ಲರೂ ಗೋಡೆ ಹತ್ತಿದರು.

ಎಲ್ಲ ಪಡೆದುಕೊಂಡ ಮೇಲೆ ದರ್ಶನ್‌ಗೆ ಸ್ವಲ್ಪ ಪಶ್ಚಾತ್ತಾಪವಾಯಿತು. ಅವನು ಭೈರೇಶನನ್ನು ಪಕ್ಕಕ್ಕೆ ಕರೆದು ನಿಜವಾದ ಉಪದೇಶ ಮಾಡಿದ.

"ನೋಡಿ ಅಣ್ಣ, ಮೂರೇ ಮಾತು. ನಮ್ಮ ಕಂಪನಿ ಯಾಕೆ ಅಂದ್ರೆ, 'ನಿಮ್ಮಲ್ಲಿ ಬೆಳೆಯಕ್ಕೆ ಅವಕಾಶ ಇದೆ' ಅನ್ನಿ. ವೀಕ್‌ನೆಸ್ ಏನು ಅಂದ್ರೆ ಮುಚ್ಚುಮರೆ ಇಲ್ದೆ ಹೇಳಿ, ಪ್ರಾಮಾಣಿಕ ಅಂತ ಖುಷಿ ಪಡ್ತಾರೆ. ಮತ್ತೆ ಆಫೀಸ್ ನೋಡಿ ಬಾಯಿ ಬಿಡ್ಬೇಡಿ. ಈಗಿನ ದೊಡ್ಡ ಕಂಪನಿಗಳಲ್ಲಿ ಉಯ್ಯಾಲೆ, ಜಾರುಬಂಡೆ, ಗೋಡೆ ಮೇಲೆ ಜಿರಾಫೆ ಗಿರಾಫೆ ಎಲ್ಲಾ ಇರುತ್ತೆ. ದಿನಾ ನೋಡಿರೋನ ಥರ ಇರಿ."

ಉಳಿದದ್ದು ಕೋಟು. ರಾಜಾಜಿನಗರದ ಬಾಡಿಗೆ ಬಟ್ಟೆಯ ಅಂಗಡಿಯಲ್ಲಿ ಇಂಟರ್‌ವ್ಯೂ ಕೋಟು ಎಂಬುದೇ ಇರಲಿಲ್ಲ. ಇದ್ದದ್ದೆಲ್ಲ ಆರತಕ್ಷತೆಯ ಕೋಟುಗಳು. ಅವುಗಳಲ್ಲಿ ಅತ್ಯಂತ ಗಂಭೀರವಾದದ್ದನ್ನೇ ಆರಿಸಿದರು: ಕಡುಗೆಂಪು ಮಖಮಲ್ಲು, ಕಾಲರಿನ ತುಂಬ ಹೊಳೆಯುವ ಕಲ್ಲು, ಎದೆಯ ಮೇಲೊಂದು ನವಿಲು. ಹಿಂದಿನ ಮದುಮಗ ಭೈರೇಶನಿಗಿಂತ ಸಣ್ಣವನಾಗಿದ್ದರಿಂದ ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಉಸಿರು ಬಿಟ್ಟರೆ ಗುಂಡಿ ಹಾರುತ್ತಿತ್ತು.

ಗುರುವಾರ ಬಂದೇ ಬಂತು. ಹೊಟ್ಟೆನೋವು ಎಂದು ಭೈರೇಶ ಬೆಳಗ್ಗೆಯೇ ಮುಲುಗಿ ನೋಡಿದ. "ಅದು ಕೆಲಸದ ಭಯ ಕಣೋ, ನಿಮ್ಮಪ್ಪಂಗೂ ಹಿಂಗೇ ಆಗ್ತಿತ್ತು, ಅದಕ್ಕೇ ಅವರು ಕೊನೇವರೆಗೂ ಕೆಲಸಕ್ಕೇ ಹೋಗ್ಲಿಲ್ಲ," ಎಂದು ತಾಯಿ ಮೊಸರು ಸಕ್ಕರೆ ತಿನ್ನಿಸಿ, ಪ್ರದಕ್ಷಿಣೆ ಹಾಕಲು ದೇವಸ್ಥಾನಕ್ಕೆ ಹೊರಟೇಬಿಟ್ಟರು. ಬೀದಿಯ ಜನ ಸೇರಿದ್ದರು. ಮೆಟ್ರೋ ನಿಂತದ್ದು ಆಗಲೇ. ಓಮ್ನಿಯ ಮುಂದಿನ ಸೀಟಿನಲ್ಲಿ ಭೈರೇಶನನ್ನು ಕೂರಿಸಿಕೊಂಡು, ಹಿಂದಿನ ಸೀಟಿನಲ್ಲಿ ಊಟದ ಕ್ಯಾರಿಯರ್ ಕೂರಿಸಿಕೊಂಡು ಹನುಮಂತಯ್ಯನವರು ಗಾಡಿ ಬಿಟ್ಟರು.

"ಯಾವ್ ಕಡೆ?"

"ಹಿಂಗೇ ಸೀದಾ ಮಾವ."

ಸೀದಾ ಹೋದರು. "ಈಗ?" "ಇನ್ನೂ ಸೀದಾ." ರಸ್ತೆ ಸೀದಾ ಇರುವುದನ್ನು ನಿಲ್ಲಿಸಿದಾಗ ಎಡಕ್ಕೆ ಎಂದ, ಎಡ ಮುಗಿದಾಗ ಬಲಕ್ಕೆ ಎಂದ. ಬಸವೇಶ್ವರನಗರದ ಹಾವನೂರು ಸರ್ಕಲ್ಲನ್ನು ಅವರು ಎಷ್ಟು ಸಲ ಸುತ್ತಿದರೆಂದರೆ, ಅಲ್ಲಿನ ಟ್ರಾಫಿಕ್ ಪೊಲೀಸರು ಕೊನೆಗೆ ಪರಿಚಯದ ನಗೆ ಬೀರಿ ಊಟ ಆಯ್ತಾ ಎಂದು ಕೈಸನ್ನೆ ಮಾಡಿದರು.

"ಏನಪ್ಪಾ, ಕಂಪನಿ ಓಡಾಡ್ತಾ ಇದ್ಯಾ?" ಎಂದರು ಹನುಮಂತಯ್ಯ.

ಆಗ ದೇವರೇ ತೋರಿಸಿದಂತೆ ಅದು ಕಾಣಿಸಿತು. ಮುಂಭಾಗದಲ್ಲಿ ನೀಲಿ ಗಾಜು ಹಾಕಿದ ಹೊಸ ಕಟ್ಟಡ. ಅದರ ಮುಂದೊಂದು ಫ್ಲೆಕ್ಸು: 'ಝೆನಿತ್ರಾ ಗ್ಲೋಬಲ್. ಇಂದು ಇಂಟರ್‌ವ್ಯೂ. ಮೊದಲನೇ ಮಹಡಿ.'

"ಇದೇ! ನಿಲ್ಸಿ ಮಾವ!" ಎಂದು ಭೈರೇಶ ಕೂಗಿದ ರಭಸಕ್ಕೆ ನವಿಲಿನ ಕೆಳಗಿನ ಗುಂಡಿ ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಫ್ಲೆಕ್ಸಿನ ಕೆಳಗಿನ ಅರ್ಧಕ್ಕೆ ಎಳನೀರಿನ ಗಾಡಿ ಅಡ್ಡ ನಿಂತಿತ್ತು. ಅಲ್ಲಿ ಏನಿತ್ತೆಂಬುದು ಮಾವನಿಗೂ ತಿಳಿಯಲಿಲ್ಲ, ಅಳಿಯನಿಗೂ ತಿಳಿಯಲಿಲ್ಲ. ನಿಮಗೊಬ್ಬರಿಗೆ ಗುಟ್ಟಾಗಿ ಹೇಳಿಬಿಡುವುದು ಒಳ್ಳೆಯದು. 'ಎಲ್‌ಕೆಜಿಗೆ ಸೇರುವ ಮಕ್ಕಳ ತಂದೆ ತಾಯಿಯರಿಗೆ' ಎಂದಿತ್ತು.

ಭೈರೇಶನ ಯೋಜನೆ ಸರಳವಾಗಿತ್ತು. ಒಳಗೆ ಹೋಗಿ ಎಲ್ಲಾದರೂ ಬಚ್ಚಲಲ್ಲಿ ಒಂದು ಗಂಟೆ ಕೂತು, ಮುಖ ಸಪ್ಪೆ ಮಾಡಿಕೊಂಡು ಹೊರಗೆ ಬರುವುದು. ಆದರೆ ಮೆಟ್ಟಿಲ ಬಳಿಯ ಸೆಕ್ಯೂರಿಟಿಯವನು "ಇಂಟರ್‌ವ್ಯೂಗಾ ಸಾರ್?" ಎಂದು ಕೇಳಿ, ಹೌದೆನ್ನುವ ಮೊದಲೇ ಟೋಕನ್ ಕೈಗಿಟ್ಟು ಮೇಲೆ ಕಳಿಸಿದ. ಮೇಲೆ ನೋಡಿದರೆ ಗೋಡೆಯ ತುಂಬ ಜಿರಾಫೆ. ಮೂಲೆಯಲ್ಲಿ ಜಾರುಬಂಡೆ. ದರ್ಶನ್ ಹೇಳಿದ್ದು ಅಕ್ಷರಶಃ ನಿಜ! ಇದು ದೊಡ್ಡ ಕಂಪನಿಯೇ ಸರಿ. ಭೈರೇಶ ದಿನಾ ನೋಡಿದವನಂತೆ ಜಿರಾಫೆಗೆ ತಲೆಯಾಡಿಸಿ ಮುಂದೆ ಹೋದ. ಕಾಯುತ್ತಿದ್ದವರೆಲ್ಲ ಜೋಡಿ ಜೋಡಿ ಗಂಡ ಹೆಂಡಿರು; ಮಕ್ಕಳನ್ನು ಆಗಲೇ ಬೇರೆ ಕೋಣೆಗೆ ಕಳಿಸಿಯಾಗಿತ್ತು. ಗಂಡಂದಿರು ಬೆವರೊರೆಸಿಕೊಳ್ಳುತ್ತ ಇಂಗ್ಲಿಷ್ ಉರು ಹೊಡೆಯುತ್ತಿದ್ದರು. "ಕೆಲಸಕ್ಕೂ ಹೆಂಡತಿ ಕರ್ಕೊಂಡ್ ಬರ್ತಾರಲ್ಲ, ಎಂಥ ಪುಕ್ಕಲರು," ಎಂದುಕೊಂಡ ಭೈರೇಶನಿಗೆ ಧೈರ್ಯ ಬಂತು. ಈ ಪುಕ್ಕಲರ ನಡುವೆ ತಾನೇ ಏಕೆ ಗೆಲ್ಲಬಾರದು? ಸುಳ್ಳು ಹೇಳಿದ್ದೇನೋ ಹೌದು. ಕೆಲಸ ಸಿಕ್ಕಿಬಿಟ್ಟರೆ ಅದು ಸುಳ್ಳು ಹೇಗಾಗುತ್ತದೆ?

ಅವನ ಟೋಕನ್ ಕರೆದರು.

ಒಳಗೆ ಮುಖ್ಯೋಪಾಧ್ಯಾಯಿನಿ ರಾಗಿಣಿಯವರು ಮೇಜಿನ ಹಿಂದೆ ಕೂತಿದ್ದರು. ಅಲ್ಲೂ ಗೋಡೆಗೆ ಜಿರಾಫೆ, ಮೂಲೆಗೊಂದು ಪುಟ್ಟ ಜಾರುಬಂಡೆ. ಎದುರಿಗೆ ಮೊಣಕಾಲೆತ್ತರದ ಒಂದು ಹಳದಿ ಪ್ಲಾಸ್ಟಿಕ್ ಕುರ್ಚಿ, ಎರಡು ಕಡೆಯೂ ಕೈ ಇರುವಂಥದ್ದು. ಪಕ್ಕದಲ್ಲೇ ದೊಡ್ಡವರ ಕುರ್ಚಿಗಳೂ ಇದ್ದವು. ಆದರೆ ಇದೇ ಪರೀಕ್ಷೆ ಇರಬೇಕೆಂದು ಭಾವಿಸಿದ ಭೈರೇಶ, ಹಳದಿ ಕುರ್ಚಿಯಲ್ಲಿ ತನ್ನನ್ನು ತಾನು ಸ್ವಲ್ಪ ಸ್ವಲ್ಪವಾಗಿ ತುಂಬಿಸಿಕೊಂಡ. ಮಗುವಿನ ಎತ್ತರಕ್ಕಿಳಿದು ಮಾತಾಡುವ ಇಂಥ ತಂದೆಯನ್ನು ರಾಗಿಣಿಯವರು ತಮ್ಮ ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

"ನಮ್ಮ ಸಂಸ್ಥೇನೇ ಯಾಕೆ ಆರಿಸ್ಕೊಂಡ್ರಿ?"

"ನಿಮ್ಮಲ್ಲಿ ಬೆಳೆಯಕ್ಕೆ ಅವಕಾಶ ಇದೆ ಮೇಡಂ."

"ಎಷ್ಟು ಚೆನ್ನಾಗಿ ಹೇಳಿದ್ರಿ! ತಾಯಿ ಬರ್ಲಿಲ್ವಾ?"

"ಅಮ್ಮ ಪ್ರದಕ್ಷಿಣೆ ಹಾಕಕ್ಕೆ ಹೋಗಿದಾರೆ ಮೇಡಂ, ಇಲ್ಲಿ ಆಗ್ಲಿ ಅಂತ."

"ಪರವಾಗಿಲ್ಲ. ಈಗ ಅಭ್ಯಾಸಗಳ ಬಗ್ಗೆ ಕೇಳ್ತೀನಿ. ಮುಚ್ಚುಮರೆ ಇಲ್ದೆ ಹೇಳಿ. ಊಟ ತಾನೇ ಮಾಡೋದಾ, ಯಾರಾದ್ರೂ ತಿನ್ನಿಸ್ಬೇಕಾ?"

ಭೈರೇಶ ಯೋಚಿಸಿದ. ಪ್ರಾಮಾಣಿಕತೆ ಮುಖ್ಯ. "ತಾನೇ, ಮೇಡಂ. ಮುದ್ದೆ ಅಂದ್ರೆ ತೊಂದ್ರೆ ಇಲ್ಲ. ಮೀನು ಇದ್ದಾಗ ಮಾತ್ರ ಅಮ್ಮ ಮುಳ್ಳು ತೆಗೆದುಕೊಡ್ತಾರೆ."

"ತುಂಬಾ ಒಳ್ಳೇದು. ಬಟ್ಟೆ?"

"ಇವತ್ತಿಂದು ಬಿಟ್ರೆ ಎಲ್ಲಾ ತಾನೇ ಹಾಕ್ಕೊಳ್ಳೋದು. ಇದಕ್ಕೆ ಮೂರು ಜನ ಬೇಕಾಯ್ತು."

"ಬಾತ್‌ರೂಮಿಗೆ ಹೋಗ್ಬೇಕು ಅನಿಸಿದ್ರೆ ಹೇಳೋದು ಗೊತ್ತಾ?"

"ಹೇಳ್ಬೇಕಾ ಮೇಡಂ? ಎದ್ದು ಹೋಗ್ಬಹುದು ಅಂದ್ಕೊಂಡಿದ್ದೆ. ಇಲ್ಲಿ ರೂಲ್ಸ್ ಹಂಗಿದ್ರೆ ಕೈ ಎತ್ತಿ ಹೇಳಿದ್ರಾಯ್ತು."

"ಕೈ ಎತ್ತಿದ್ರೆ ಸಾಕು. ಜೊತೆಗೆ ಆಯಾ ಹೋಗ್ತಾರೆ."

ಭೈರೇಶನಿಗೆ ಇದು ಸ್ವಲ್ಪ ಅತಿಯೆನಿಸಿತು. ಆದರೂ ಗ್ಲೋಬಲ್ ಕಂಪನಿ, ಭದ್ರತೆ ಇರಬಹುದು ಎಂದು ಸುಮ್ಮನಾದ.

"ಜೊತೇಲಿರೋರ್ಗೆ ಹೊಡೆಯೋದು, ಕಚ್ಚೋದು?"

"ಹೊಡೆಯೋದಿಲ್ಲ ಮೇಡಂ. ಕಚ್ಚಿರೋದು ಒಂದೇ ಸಲ. ಚಿಕ್ಕಪ್ಪನ ಮಗನ್ನ. ಸೈಟಿನ ಜಗಳದಲ್ಲಿ."

"ಸೈಟಾ?"

"ಈಗ ರಾಜಿ ಆಗಿದೆ ಮೇಡಂ. ಅವನಿಗೆ ಕಾರ್ನರ್ ಸೈಟು ಹೋಯ್ತು."

ಮಗುವಿಗೆ ವ್ಯಾಪಾರದ ಆಟದ ಮೇಲೆ ಆಸಕ್ತಿ ಇದೆಯೆಂದು ರಾಗಿಣಿಯವರು ಗುರುತು ಹಾಕಿಕೊಂಡರು. "ಮಧ್ಯಾಹ್ನ ನಿದ್ದೆ?"

ಇದೇ ಭೈರೇಶನ ವೀಕ್‌ನೆಸ್ಸು. ಆದರೆ ಮುಚ್ಚಿಡಬಾರದು. ಕಣ್ಣು ಮುಚ್ಚಿ ಹೇಳಿಯೇಬಿಟ್ಟ. "ನಿಜ ಹೇಳ್ಬಿಡ್ತೀನಿ ಮೇಡಂ. ಅದೊಂದು ಬಿಡಕ್ಕಾಗಲ್ಲ. ಊಟ ಆದ್ಮೇಲೆ ಕೂತಲ್ಲೇ ಬಿದ್ದುಬಿಡೋದು."

"ಅಯ್ಯೋ, ಬಿಡೋದ್ಯಾಕೆ? ನಾವೇ ಮಲಗಿಸ್ತೀವಿ. ಒಬ್ಬೊಬ್ಬರಿಗೂ ಒಂದೊಂದು ಚಾಪೆ ಇದೆ. ಲೈಟ್ ಆರ್ಸಿ, ಮೆಲ್ಲಗೆ ಹಾಡು ಹಾಕ್ತೀವಿ. ಎದ್ದ ಮೇಲೆ ರಾಗಿ ಮಾಲ್ಟು."

ಭೈರೇಶನ ಕಣ್ಣಲ್ಲಿ ನೀರು ಬಂತು. ಇಂಥ ಕಂಪನಿ ಬಸವೇಶ್ವರನಗರದಲ್ಲಿರುವುದು ಗೊತ್ತಿಲ್ಲದೆ ತಾನು ಇಷ್ಟು ವರ್ಷ ಮನೆಯಲ್ಲಿ ಬರೀ ಹಾಸಿಗೆಯ ಮೇಲೆ, ಹಾಡೂ ಇಲ್ಲದೆ, ಮಾಲ್ಟೂ ಇಲ್ಲದೆ ನಿದ್ದೆ ಮಾಡಿ ಜೀವನ ಹಾಳುಮಾಡಿಕೊಂಡೆನಲ್ಲ! ಮ್ಯಾನೇಜರಿಗೇ ಇಷ್ಟಾದರೆ ಡೈರೆಕ್ಟರಿಗೆ ಏನೇನಿರಬಹುದು?

"ಮೇಡಂ, ನಾಳೆಯಿಂದ್ಲೇ ಬರ್ಬಹುದಾ?"

"ಇಷ್ಟು ಪ್ರಾಮಾಣಿಕವಾಗಿ ಯಾರೂ ಮಾತಾಡಿರ್ಲಿಲ್ಲ. ನನ್ನ ಕಡೆಯಿಂದ ಸೆಲೆಕ್ಟ್ ಅಂತಾನೇ ತಿಳ್ಕೊಳ್ಳಿ," ಎಂದರು ರಾಗಿಣಿ. "ಸಾಯಂಕಾಲ ಮನೆಗೆ ಕರ್ಕೊಂಡ್ ಹೋಗಕ್ಕೆ ಯಾರು ಬರ್ತಾರೆ? ಮುಖ ಗುರುತಿರೋರ ಜೊತೆ ಮಾತ್ರ ನಾವು ಕಳಿಸೋದು."

"ನಮ್ ಮಾವನೇ ಬರ್ತಾರೆ ಮೇಡಂ, ಓಮ್ನಿ ಇದೆ. ಈಗ್ಲೂ ಕೆಳಗೇ ಇದಾರೆ."

"ಹಾಗಿದ್ರೆ ಅವರನ್ನೂ ಕರೆಸ್ಬಿಡೋಣ."

ಆಯಾ ಹೋಗಿ ಕರೆತಂದಳು. ಸೆಲೆಕ್ಟ್ ಎಂಬ ಒಂದೇ ಶಬ್ದ ಕೇಳಿಸಿಕೊಂಡಿದ್ದ ಹನುಮಂತಯ್ಯನವರು ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ, ಕ್ಯಾರಿಯರ್ ಸಮೇತ, ಕೈಮುಗಿದುಕೊಂಡೇ ಒಳಗೆ ಬಂದರು.

"ಬನ್ನಿ ಬನ್ನಿ," ಎಂದರು ರಾಗಿಣಿ ನಗುತ್ತ. "ಮೊಮ್ಮಗ ನಿಮ್ಮ ಹತ್ರಾನೇ ಬೆಳೆದ್ನಾ?"

"ಯಾವ ಮೊಮ್ಮಗ ಮೇಡಂ?"

"ಇವರ ಮಗ. ಎಲ್‌ಕೆಜಿಗೆ ಸೇರ್ತಾ ಇರೋನು. ನಿಮ್ಮ ಅಳಿಯ ಎಷ್ಟು ಚೆನ್ನಾಗಿ ಬೆಳೆಸಿದಾರೆ ಗೊತ್ತಾ? ಒಂದೇ ಸಲ ಕಚ್ಚಿದಾನಂತೆ. ತಾಯಿ ಪ್ರದಕ್ಷಿಣೆ ಹಾಕಕ್ಕೆ ಹೋಗಿದಾರಂತೆ."

ಹನುಮಂತಯ್ಯನವರು ಮೊದಲು ರಾಗಿಣಿಯವರನ್ನು ನೋಡಿದರು. ಆಮೇಲೆ ಜಿರಾಫೆಯನ್ನು ನೋಡಿದರು. ಗೋಡೆಯ ಮೇಲಿನ ಅ ಆ ಇ ಈ ಓದಿದರು. ಕೊನೆಗೆ ಹಳದಿ ಕುರ್ಚಿಯಲ್ಲಿ ತುಂಬಿಕೊಂಡಿದ್ದ ಭಾವಿ ಅಳಿಯನ ಮೇಲೆ ಅವರ ಕಣ್ಣು ನಿಂತಿತು. ಪೀಣ್ಯದ ಅಷ್ಟೂ ಕಾರ್ಖಾನೆಗಳ ಸೈರನ್ನು ಒಟ್ಟಿಗೇ ಕೂಗಿದಂತೆ ಅವರು ಕೂಗಿದರು.

"ಲೋ! ನಿಂಗೆ ಮಗ ಇದ್ದಾನೇನೋ!"

"ಮಾವ, ಅದೂ..."

"ಮಾವ ಅನ್ಬೇಡ! ಅದ್ಯಾರ ಮಗು? ತಾಯಿ ಯಾರು? ಪ್ರದಕ್ಷಿಣೆ ಹಾಕ್ತಾ ಇರೋಳು ಯಾರೋ?" ಎನ್ನುತ್ತಲೇ ಅವರು ಮೊಬೈಲು ತೆಗೆದು, ಆತುರದಲ್ಲಿ ಸ್ಪೀಕರ್ ಒತ್ತಿಹೋಗಿ, ಮಗಳಿಗೆ ಫೋನು ಹಚ್ಚಿದರು. "ಕವನಾ! ಈ ಹುಡುಗಂಗೆ ಮದ್ವೆ ಆಗಿ ಎಲ್‌ಕೆಜಿಗೆ ಬಂದಿರೋ ಮಗ ಇದ್ದಾನೆ ಕಣಮ್ಮ! ಅದೂ ಕಚ್ಚುತ್ತಂತೆ!"

ಅತ್ತ ಕಡೆ ಒಂದು ತರಗತಿಯ ಗದ್ದಲ ತಟ್ಟನೆ ನಿಂತಿತು. "ಏನಪ್ಪಾ? ಎಲ್ಲಿದೀರ?" ಎಂದಿತು ಕವನಾಳ ದನಿ.

ಬಾಗಿಲಲ್ಲಿ ಹೊರಗಿದ್ದ ಗಂಡ ಹೆಂಡಿರೆಲ್ಲ ಮುಖ ತೂರಿಸಿದ್ದರು. ಭೈರೇಶನಿಗೆ ಈಗ ಎಲ್ಲ ಅರ್ಥವಾಯಿತು. ಚಾಪೆ ಅರ್ಥವಾಯಿತು, ಆಯಾ ಅರ್ಥವಾದಳು, ಮಾಲ್ಟು ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು: ಇಂಟರ್‌ವ್ಯೂ ಇತ್ತು ಎಂದರೆ ಮಗು ಇದೆ ಎನ್ನಬೇಕು. ಮಗು ಇಲ್ಲ ಎಂದರೆ ಇಂಟರ್‌ವ್ಯೂನೂ ಇರಲಿಲ್ಲ ಎನ್ನಬೇಕು. ಮಾತಿನ ಎಲ್ಲ ಗಲ್ಲಿಗಳನ್ನೂ ಸುತ್ತಿ ನೋಡಿದ. ಸೀದಾ ಹೋಗುವುದು, ಎಡಕ್ಕೆ ತಿರುಗುವುದು, ಯಾವುದೂ ಉಳಿದಿರಲಿಲ್ಲ.

ಅವನು ಎದ್ದು ನಿಂತ. ಅವನ ಜೊತೆ ಹಳದಿ ಕುರ್ಚಿಯೂ ಎದ್ದು ನಿಂತಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ. ಎದೆಯ ಮೇಲೆ ನವಿಲು, ಹಿಂದೆ ಕುರ್ಚಿ, ಆ ಸ್ಥಿತಿಯಲ್ಲೇ ಅವನು ಫೋನಿನ ಕಡೆಗೆ ಬಾಗಿ ಹೇಳಿದ.

"ಕವನಾ ಅವರೇ, ನಿಜ ಹೇಳ್ತೀನಿ. ನಂಗೆ ಮಗು ಇಲ್ಲ. ಹೆಂಡ್ತಿ ಇಲ್ಲ. ಪ್ರದಕ್ಷಿಣೆ ಹಾಕ್ತಾ ಇರೋದು ನಮ್ಮಮ್ಮ. ಕಚ್ಚಿದ್ದು ನಾನು."

"ಮತ್ತೆ ಇಂಟರ್‌ವ್ಯೂ?"

"ಅದೂ ಇಲ್ಲ. ಯಾವತ್ತೂ ಇರ್ಲಿಲ್ಲ. ಅವತ್ತು ನೀವು ತಟ್ಟೆ ಎತ್ಕೊಂಡು ಒಳಗೆ ಹೊರಟ್ರಲ್ಲ, ತಡೀಬೇಕು ಅನ್ನಿಸ್ತು, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಕಂಪನಿನೂ ಗೊತ್ತಿಲ್ಲ, ಮ್ಯಾನೇಜರ್ ಅಂದ್ರೆ ಏನ್ ಮಾಡ್ತಾರೆ ಅಂತಾನೂ ಗೊತ್ತಿಲ್ಲ. ಮೋಟರ್ ಹಾಕೋದು, ಆರ್ಸೋದು, ಅಷ್ಟೇ ಬರೋದು. ಕೇಸರಿಬಾತ್ ತಳ ಹಿಡ್ದಿತ್ತು, ಅದೂ ನಿಜ. ಆದ್ರೂ ಎರಡ್ನೇ ಸಲ ಹಾಕಿಸ್ಕೊಂಡೆ, ಅದೂ ನಿಜ."

ಹನುಮಂತಯ್ಯನವರು ಕ್ಯಾರಿಯರನ್ನು ಎದೆಗವುಚಿಕೊಂಡು ಹತ್ತಿರ ಬಂದರು.

"ಮಗು ಇಲ್ಲ ಅನ್ನೋದು ಸತ್ಯಾನಾ?"

"ಅಮ್ಮನಾಣೆ ಮಾವ."

ರಾಗಿಣಿಯವರೂ ಹುಡುಕಿ ನೋಡಿ, ಈ ಹೆಸರಿನ ತಂದೆ ಯಾವ ಮಗುವಿಗೂ ಇಲ್ಲ ಎಂದು ಖಚಿತಪಡಿಸಿದರು.

ಹನುಮಂತಯ್ಯನವರು ಅಲ್ಲೇ ಇದ್ದ ಜಾರುಬಂಡೆಯ ತುದಿಯಲ್ಲಿ ಕುಸಿದು ಕೂತರು. ಮುಖದ ಬೆವರೊರೆಸಿಕೊಂಡು ದೊಡ್ಡದೊಂದು ಉಸಿರು ಬಿಟ್ಟರು. "ಉಳ್ಕೊಂಡೆ ಕಣಪ್ಪಾ! ಕೆಲಸ ಇಲ್ದಿದ್ರೆ ಮನೆ ಹಾಳಾಗ್ ಹೋಗ್ಲಿ, ಪೀಣ್ಯದಲ್ಲಿ ನಂಗೆ ನೂರು ಜನ ಗೊತ್ತು, ಎಲ್ಲಾದ್ರೂ ನಿಲ್ಲಿಸ್ತೀನಿ. ಬೆಳಗ್ಗೆ ಆರಕ್ಕೆ ಗೇಟಲ್ಲಿರ್ಬೇಕು, ಚಾಪೆ ಗೀಪೆ ಕೇಳಂಗಿಲ್ಲ. ಮಗು ಇಲ್ವಲ್ಲ, ಅಷ್ಟು ಸಾಕು!" ಮತ್ತೆ ಏನೋ ನೆನಪಾಗಿ ಫೋನಿನ ಕಡೆ ತಿರುಗಿದರು. "ಆದ್ರೆ ನಾನ್ ಒಪ್ಪಿದ್ರೆ ಆಗಲ್ಲ. ಸುಳ್ ಹೇಳಿರೋದು ನಮ್ ಹುಡುಗಿಗೆ. ಏನಮ್ಮಾ ಅಂತೀಯ?"

ಭೈರೇಶ ಕುರ್ಚಿಯ ಸಮೇತ ಇನ್ನಷ್ಟು ಬಾಗಿದ.

"ಇಂಟರ್‌ವ್ಯೂ ಇರ್ಲಿಲ್ಲ ಅಂದ್ರಿ. ಮತ್ತೆ ಇಷ್ಟ್ ಹೊತ್ತು ಒಳಗೆ ಏನ್ ಮಾಡ್ತಿದ್ರಿ?" ಎಂದಳು ಕವನಾ.

"ಅವರು ಕೇಳಿದ್ದಕ್ಕೆಲ್ಲಾ ಉತ್ತರ ಹೇಳ್ದೆ. ಎಲ್‌ಕೆಜಿಗೆ ಸೆಲೆಕ್ಟ್ ಆಗಿದೀನಿ."

ಆ ಕಡೆಯಿಂದ ಮೊದಲು ತರಗತಿಯೇ ನಕ್ಕಿತು, ಆಮೇಲೆ ಕವನಾ ನಕ್ಕಳು. ನಕ್ಕು ಸುಧಾರಿಸಿಕೊಂಡು, ಮಕ್ಕಳಿಂದ ದೂರ ಸರಿದು, ದನಿ ತಗ್ಗಿಸಿ ಹೇಳಿದಳು.

"ಆ ಸೀಟು ಬಿಟ್ಕೊಡ್ಬೇಡಿ. ಬೆಂಗ್ಳೂರಲ್ಲಿ ಎಲ್‌ಕೆಜಿ ಸೀಟು ಸಿಗೋದು ಎಷ್ಟು ಕಷ್ಟ ಅಂತ ಗೊತ್ತಾ? ಮುಂದೆ ನಮಗೇ ಬೇಕಾಗುತ್ತೆ."